ರುವಾಂಡಾದ ಊರ ಪಂಚಾಯ್ತಿ: ಕೊಂದವರು, ಉಳಿದವರು ಎದುರುಬದುರು
ನಮ್ಮಲ್ಲಿ ಅರಳಿಕಟ್ಟೆ ಇದ್ದಂತೆ ಆಫ್ರಿಕಾದ ರುವಾಂಡಾದಲ್ಲಿ ‘ಗಚಾಚಾ’. ಹೆಸರು ಬಂದದ್ದು ಹುಲ್ಲಿನಿಂದ. ಹಿಂದೆ ಊರವರು ಹುಲ್ಲಿನ ಮೇಲೆ ಕೂತು ಜಗಳ ಬಗೆಹರಿಸುತ್ತಿದ್ದರು.

1994ರಲ್ಲಿ ಅಲ್ಲಿ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳ ಕೊಲೆಯಾಯಿತು. ಕೊಂದವರಲ್ಲಿ ಪಕ್ಕದ ಮನೆಯವರೂ ಇದ್ದರು. ಜೈಲು ತುಂಬಿ 1 ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಗೆ ಕಾದಿದ್ದರು. ಕೋರ್ಟುಗಳಿಗೆ ಅದು ಮುಗಿಯದ ಕೆಲಸ. ಸರ್ಕಾರ ಹಳೆಯ ಗಚಾಚಾಕ್ಕೇ ಹೊಸ ಕಾನೂನು ಮಾಡಿತು.

2002ರಿಂದ 2012ರವರೆಗೆ ಸುಮಾರು 12,000 ಕಡೆ ಇವು ನಡೆದವು. ತೀರ್ಪು ಕೊಟ್ಟವರು ಊರವರೇ ಆರಿಸಿದ ಜನ. ತಪ್ಪೊಪ್ಪಿ ಕ್ಷಮೆ ಕೇಳಿದವರಿಗೆ ಶಿಕ್ಷೆ ಕಡಿಮೆ. ತಮ್ಮವರ ಹೆಣ ಎಲ್ಲಿದೆಯೆಂದು ಅನೇಕರಿಗೆ ತಿಳಿದದ್ದೇ ಅಲ್ಲಿ. ಕ್ಷಮೆಯ ಮಾತಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ ನನಗೆ.

ಆದರೆ ಸಾಕ್ಷಿ ಹೇಳಿದ ಕೆಲವರ ಕೊಲೆಯೂ ಆಯಿತು. ಗೆದ್ದ ಸೈನ್ಯ ಮಾಡಿದ ಕೊಲೆಗಳ ವಿಚಾರಣೆ ಅಲ್ಲಿ ಆಗಲಿಲ್ಲ. ಕ್ಷಮಿಸಲಾಗದವರೂ ಇದ್ದರು, ಅವರೂ ಅದೇ ಊರಲ್ಲಿ ಬದುಕಬೇಕಿತ್ತು.