ವಿಪತ್ಕಾಲದ ಚಿತ್ರಕಾರರು

1565ರ ಯುದ್ಧದಲ್ಲಿ ಸೋತು ವಿಜಯನಗರವು ಹಾಳುಬಿದ್ದ ಮೇಲೆ, ಅರಮನೆಯ ಆಶ್ರಯವನ್ನೂ ದೇವಾಲಯಗಳ ಕೆಲಸವನ್ನೂ ಏಕಕಾಲದಲ್ಲಿ ಕಳೆದುಕೊಂಡ ಚಿತ್ರಕಾರರು, ವಂಶಪಾರಂಪರ್ಯವಾಗಿ ಬಂದ ವಿದ್ಯೆಯೊಂದನ್ನೇ ಆಸ್ತಿಯಾಗಿ ಇಟ್ಟುಕೊಂಡು ಸುರಪುರ, ತಂಜಾವೂರು ಮೊದಲಾದ ಎಡೆಗಳಿಗೆ ಚದುರಿಹೋದರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿಯ ಉತ್ಸವವನ್ನು ನೆಲೆಗೊಳಿಸಿದ ಮೈಸೂರಿನ ದೊರೆ ರಾಜ ಒಡೆಯರ ಆಸರೆ ಅವರಲ್ಲಿ ಕೆಲವರಿಗೆ ದೊರೆಯಿತು. ಇಂದು ನಾವು ಮೈಸೂರು ಶೈಲಿಯೆಂದು ಕರೆಯುವ ಚಿತ್ರಕಲೆ ಬೇರುಬಿಟ್ಟುದು ಹೀಗೆ.

ಈ ವಿದ್ಯೆಯಾದರೋ ಓಲೆಯಲ್ಲಿ ಬರೆದಿಟ್ಟು ಕಾಪಾಡತಕ್ಕುದಲ್ಲ. ಹುಣಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆಯೆಳೆದು, ಸಫೇದವೆಂಬ ಬಿಳಿಯ ಪುಡಿಯನ್ನೂ ರೇವಲ್ಚಿನ್ನಿಯೆಂಬ ಹಳದಿ ರಾಳವನ್ನೂ ಅಂಟಿನೊಡನೆ ಅರೆದ ಮಕ್ಕಿ ಸಫೇದವೆಂಬ ಲೇಪದಿಂದ ಒಡವೆಗಳನ್ನೂ ಸೀರೆಯ ಅಂಚನ್ನೂ ತುಸುವೇ ಉಬ್ಬುವಂತೆ ಬಿಡಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ, ತೆಳುವಾದ ಕಾಗದವನ್ನು ಹೊದಿಸಿ ನುಣುಪುಕಲ್ಲಿನಿಂದ ಉಜ್ಜುವಾಗ, ಕೈಯ ಭಾರ ಎಷ್ಟಿರಬೇಕೆಂಬುದನ್ನು ಗುರುವಿನ ಮಗ್ಗುಲಲ್ಲಿ ಕುಳಿತ ಶಿಷ್ಯನೊಬ್ಬನೇ ಅರಿಯಬಲ್ಲನು. ಒಂದು ತಲೆಮಾರು ಕೆಲಸವನ್ನು ಕೈಬಿಟ್ಟರೆ ಮುಂದಿನ ತಲೆಮಾರಿಗೆ ಹೇಳಿಕೊಡುವವರೇ ಇರುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬ್ರಿಟಿಷರ ಕೈಗೆ ಬಿದ್ದ ಬಳಿಕ, ಅದೇ ಒಡೆಯರ ವಂಶದ, ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತವನ್ನು ಕಸಿದುಕೊಂಡರು. ಪಟ್ಟವುಳಿದು ಅಧಿಕಾರವಳಿದ ಆ ದೊರೆ ಕಲೆಯ ಪೋಷಣೆಯನ್ನು ಮಾತ್ರ ನಿಲ್ಲಿಸಲಿಲ್ಲ. ‘ನಿಧಿ’ಗಳೆಂಬ ಒಂಬತ್ತು ಭಾಗಗಳಲ್ಲಿ ದೇವತಾಸ್ವರೂಪಗಳನ್ನು ಲಕ್ಷಣಸಹಿತವಾಗಿ ಚಿತ್ರಿಸಿರುವ ‘ಶ್ರೀತತ್ತ್ವನಿಧಿ’ ಎಂಬ ಗ್ರಂಥ ಅವರ ಆಶ್ರಯದಲ್ಲಿಯೇ ಸಿದ್ಧವಾಯಿತು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ದಸರೆಯ ಮೆರವಣಿಗೆ ಚಿತ್ರಿತವಾಯಿತು. ಸ್ವಂತ ಆಳ್ವಿಕೆಯನ್ನು ಕಳೆದುಕೊಂಡ ನಾಡು ತನ್ನ ದೇವತೆಗಳನ್ನೂ ತನ್ನ ಹಬ್ಬವನ್ನೂ ಕಣ್ಣಾರೆ ಕಂಡು, ತಾನಾರೆಂಬುದನ್ನು ಮರೆಯದಿರಲು ಆ ವರ್ಣಗಳು ನೆರವಾದುವು. ಕಷ್ಟಕಾಲದಲ್ಲಿ ಕಲೆಯನ್ನು ರಚಿಸುವವನಷ್ಟೇ ಅದನ್ನು ನೋಡುವವನೂ ಪರಂಪರೆಯನ್ನು ಕಾಯುತ್ತಾನೆ. ನೋಡುವ ಕಣ್ಣಿಲ್ಲದೆಡೆ ಬರೆಯುವ ಕೈಗೆ ಕಸುವು ಎಲ್ಲಿಂದ ಬಂದೀತು?

ಸಂಕಟ ಬಂದೊಡನೆ ಮೊದಲು ಕಡಿಯಬೇಕಾದ ವೆಚ್ಚ ಕಲೆಯದೆಂದೂ, ಸುಖದ ದಿನಗಳು ಮರಳಿದ ಮೇಲೆ ಅದನ್ನು ಮತ್ತೆ ಆರಂಭಿಸಬಹುದೆಂದೂ ಬಗೆಯುವವರು ಈ ಚರಿತ್ರೆಯನ್ನು ಗಮನಿಸಬೇಕು. ಆಡಳಿತವನ್ನು ಕಸಿದುಕೊಂಡ ಐವತ್ತು ವರ್ಷಗಳ ಬಳಿಕ, 1881ರಲ್ಲಿ, ಮೈಸೂರು ರಾಜ್ಯವನ್ನು ಒಂದು ಪತ್ರದ ಮೂಲಕ ಒಡೆಯರ ವಂಶಕ್ಕೆ ಹಿಂದಿರುಗಿಸಲು ಬ್ರಿಟಿಷರಿಗೆ ಸಾಧ್ಯವಾಯಿತು. ಆದರೆ ನಡುವಣ ಆ ಕಾಲದಲ್ಲಿ ಚಿತ್ರಕಾರರ ಕೈ ನಿಂತುಹೋಗಿದ್ದರೆ, ಅದನ್ನು ಹಿಂದಿರುಗಿಸಿಕೊಡುವ ಶಕ್ತಿ ಯಾವ ಸರ್ಕಾರಕ್ಕೂ ಇರುತ್ತಿರಲಿಲ್ಲ.