ಸಂತೆ ಕಾಣದ ಹೊತ್ತಗೆಗಳು: ಉತ್ತರ ಕನ್ನಡ ಕರಾವಳಿಯ ಹಳೆಯ ಪುಸ್ತಕಗಳು ಮತ್ತು ಅವುಗಳ ಬಳಗ

ಮಾವಳ್ಳಿ ಎಂದರೆ ಹೊರಗಿನವರ ಕಣ್ಣಿಗೆ ಬರುವುದು ಮುರ್ಡೇಶ್ವರದ ಗೋಪುರ ಮತ್ತು ಕಡಲು. ಅಲ್ಲಿಂದ ಭಟ್ಕಳ ತಾಲ್ಲೂಕಿನ ಒಳಕ್ಕೆ, ಘಟ್ಟದ ಬುಡಕ್ಕೆ ಹೋದರೆ ಹಾಡುವಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ಸಂಗೀತಪುರ ಎನ್ನಿಸಿಕೊಂಡು ಸಾಳುವ ಅರಸರ ನೆಲೆಯಾಗಿದ್ದ ಊರು ಇದು. ಇಲ್ಲಿನ ಜೈನಮಠದ ಅಕಲಂಕದೇವರ ಶಿಷ್ಯ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ. ಕನ್ನಡ ಭಾಷೆಗೆ ಸಂಸ್ಕೃತದಲ್ಲಿ ಬರೆದ 592 ಸೂತ್ರಗಳ ವ್ಯಾಕರಣ ಅದು. ಬಿ.ಎಲ್. ರೈಸ್ ಅದನ್ನು 1890ರಲ್ಲಿ ಅಚ್ಚಿಗೆ ತಂದರು. ನಡುವಿನ 286 ವರ್ಷ, ಮಳೆಗಾಲದಲ್ಲಿ ಗೋಡೆಯೂ ಬೆವರುವ ಸೀಮೆಯಲ್ಲಿ ಹುಟ್ಟಿದ ಒಂದು ಓಲೆಗ್ರಂಥ ಬದುಕಿ ಬಂದದ್ದು ಹೇಗೆ? ಹಳೆಯ ಪುಸ್ತಕದ ಇತಿಹಾಸ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ.

ಯುರೋಪು, ಅಮೆರಿಕಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ವ್ಯಾಪಾರಿಗೆ ದೊಡ್ಡ ಪಾಲಿದೆ. ಅಪರೂಪದ ಪುಸ್ತಕ ಮಾರುವವರು ಬ್ರಿಟನ್ನಿನಲ್ಲಿ 1906ರಲ್ಲೇ ಸಂಘ ಕಟ್ಟಿಕೊಂಡರು. ಹಲವು ದೇಶಗಳ ವ್ಯಾಪಾರಿಗಳು 1947ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿ ಅಂತರರಾಷ್ಟ್ರೀಯ ಒಕ್ಕೂಟದ ಮಾತೆತ್ತಿದರು. 1958ರಲ್ಲಿ ಲಂಡನ್ನಿನಲ್ಲಿ, 1960ರಲ್ಲಿ ನ್ಯೂಯಾರ್ಕಿನಲ್ಲಿ ಹಳೆಯ ಪುಸ್ತಕಗಳ ಮೇಳ ಶುರುವಾಯಿತು. ಮೊದಲ ಮುದ್ರಣವೇ, ಕಟ್ಟು ಮೂಲದ್ದೇ, ಹಾಳೆ ಪೂರ್ತಿ ಇದೆಯೇ, ಯಾರ ಸಹಿ ಇದೆ ಎಂದು ನೋಡಿ ಬೆಲೆ ಕಟ್ಟುವ ಪದ್ಧತಿ ಅಲ್ಲಿ ಗಟ್ಟಿಯಾಯಿತು. ನಮ್ಮಲ್ಲಿ ಅದರ ಹತ್ತಿರಕ್ಕೆ ಬರುವುದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲು, ಮತ್ತು 1945ರಲ್ಲಿ ಕೆ.ಬಿ.ಕೆ. ರಾವ್ ಆರಂಭಿಸಿ ಮಗ ಕೆ.ಕೆ.ಎಸ್. ಮೂರ್ತಿ ಬೆಳೆಸಿದ ಸೆಲೆಕ್ಟ್ ಬುಕ್‌ಶಾಪ್. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಅಂಥ ಪೇಟೆ ಬೇರೂರಲಿಲ್ಲ. ಆದರೆ ಪುಸ್ತಕ ಕೈಯಿಂದ ಕೈಗೆ ದಾಟುತ್ತಲೇ ಇತ್ತು. ದಾಟಿಸಿದ್ದು ದಾನ, ಪ್ರತಿ ಮತ್ತು ಕಡ.

ದಾನದ ಬೇರು ಹಳೆಯದು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ 1000 ಪ್ರತಿ ಮಾಡಿಸಿ ಹಂಚಿದಳು. ಜೈನರಲ್ಲಿ ಶಾಸ್ತ್ರದಾನ ಅನ್ನದಾನದ ಸಾಲಿಗೇ ಸೇರುವ ಪುಣ್ಯ. ಗ್ರಂಥ ಮಾರುವ ಸರಕಲ್ಲ ಎಂಬ ಭಾವನೆ ಬಸದಿ, ಮಠಗಳ ಆಚೆಗೂ ಹಬ್ಬಿತ್ತು. ಶ್ರೀತಾಳೆಯ ಗರಿಯನ್ನು ಹದಮಾಡಿ, ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದು, ಮಸಿ ಉಜ್ಜಿ ಅಕ್ಷರ ಎಬ್ಬಿಸುವುದು ಎಂಥ ಬೆವರಿನ ಕೆಲಸ ಎಂಬುದು ಲಿಪಿಕಾರರು ಕೊನೆಯ ಗರಿಯಲ್ಲಿ ಬರೆದಿಡುತ್ತಿದ್ದ ಬಿನ್ನಹದಿಂದ ತಿಳಿಯುತ್ತದೆ: ಬೆನ್ನು ಬಾಗಿಸಿ, ಕತ್ತು ನೋಯಿಸಿಕೊಂಡು ಬರೆದಿದ್ದೇನೆ, ಎಣ್ಣೆ, ನೀರು, ಸಡಿಲ ಕಟ್ಟುಗಳಿಂದ ಕಾಪಾಡಿ. ಗೆದ್ದಲಿಗೂ ಬೂಷ್ಟಿಗೂ ಅಂಜಿ ಓಲೆಕಟ್ಟನ್ನು ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು. ಆದರೂ ಗರಿಗೆ ಆಯುಸ್ಸಿನ ಮಿತಿ ಇದ್ದೇ ಇದೆ. ಮುರಿಯುವ ಮೊದಲು ಯಾರಾದರೂ ಕೂತು ಪ್ರತಿ ಮಾಡಿದರೆ ಮಾತ್ರ ಕೃತಿ ಉಳಿಯುತ್ತದೆ. ಪುಸ್ತಕಪ್ರೇಮ ಇಲ್ಲಿ ಮೊದಲು ಕೈಬರಹದ ದುಡಿಮೆಯಾಗಿತ್ತು.

ಕೊಡುವ ಮನಸ್ಸಿಲ್ಲದ ಕಡೆ ಏನಾಗುತ್ತಿತ್ತು ಎಂಬುದಕ್ಕೆ ಕರಾವಳಿಯ ತೆಂಕಣ ಭಾಗದ ಮೂಡುಬಿದಿರೆಯೇ ಸಾಕ್ಷಿ. ದಿಗಂಬರ ಜೈನರ ಮೂಲಗ್ರಂಥವಾದ ಷಟ್ಖಂಡಾಗಮದ ಮೇಲೆ ವೀರಸೇನ ಬರೆದ ‘ಧವಲಾ’ ಟೀಕೆ ಅಲ್ಲಿನ ಬಸದಿಯಲ್ಲಿ, ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದಿತ್ತು. ಯಾತ್ರಿಕರು ಅದಕ್ಕೆ ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಮುಂಬೈ, ಸೊಲ್ಲಾಪುರದ ಜೈನ ಶ್ರೇಷ್ಠಿಗಳು ಪಟ್ಟುಹಿಡಿದ ಮೇಲೆ 1896ರ ಸುಮಾರಿಗೆ ಪ್ರತಿಮಾಡುವ ಕೆಲಸ ಆರಂಭವಾಗಿ, ಜೊತೆಗಿನ ಸಿದ್ಧಾಂತಗ್ರಂಥಗಳೂ ಸೇರಿ 1922ರ ಹೊತ್ತಿಗೆ ಮುಗಿಯಿತು. ಪ್ರತಿ ಹೊರಗೆ ಹೋಗಕೂಡದು ಎಂಬ ಕಟ್ಟುಪಾಡಿತ್ತು. ಆದರೆ ಲಿಪಿಕಾರ ಗಜಪತಿ ಉಪಾಧ್ಯಾಯರು ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು. ಅದನ್ನು ಸಹಾರನಪುರದ ಜಂಬೂಪ್ರಸಾದರು ಹಣ ಕೊಟ್ಟು ಪಡೆದರು. ಅಲ್ಲಿಂದ ಮತ್ತೆ ಕದ್ದುಮುಚ್ಚಿ ಆದ ಪ್ರತಿಗಳು ಹರಡಿ, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಗ್ರಂಥ ಅಚ್ಚಾಗತೊಡಗಿತು. ಇದನ್ನು ಕಳವು ಎಂದು ಕರೆದವರಿದ್ದಾರೆ. ನಾನು ಆ ದಂಪತಿಯ ಪಕ್ಷ. ಲಕ್ಷ್ಮೀಬಾಯಿಯವರ ಹೆಸರು ಕನ್ನಡ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಅಡಿಟಿಪ್ಪಣಿಗಿಂತ ಮೇಲಿನ ಜಾಗಕ್ಕೆ ಸಲ್ಲಬೇಕು.

ಅಚ್ಚಿನ ಪುಸ್ತಕದ ಕಾಲಕ್ಕೆ ಬಂದರೆ, ಉತ್ತರ ಕನ್ನಡದ ಕಪಾಟು ಆಡಳಿತದ ಗೆರೆಗಳ ಜಾಡಿನಲ್ಲಿ ತುಂಬಿತು. 1862ರಲ್ಲಿ ಈ ಜಿಲ್ಲೆ ಮದರಾಸು ಪ್ರಾಂತವನ್ನು ಬಿಟ್ಟು ಮುಂಬೈಗೆ ಸೇರಿತು. ಮಂಗಳೂರು ಮದರಾಸಿನಲ್ಲೇ ಉಳಿಯಿತು. ಮಂಗಳೂರಿನಲ್ಲಿ 1841ರಿಂದ ಬಾಸೆಲ್ ಮಿಷನ್ನಿನ ಅಚ್ಚುಕೂಟ ಇತ್ತು. ಮಿಷನರಿ ಮೊಗ್ಲಿಂಗ್ ಅಲ್ಲಿಂದ 1848-53ರಲ್ಲಿ ಕನ್ನಡ ಕೃತಿಗಳ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ ತಂದರು. 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಇನ್ನೊಂದು ಕಡೆ, ಅರಳೆಯ ವಹಿವಾಟಿನಿಂದ ಹೆಸರಾದ ಕುಮಟಾ ಬಂದರಿಗೆ ಮುಂಬೈಯ ದಾರಿ ಕಡಲೇ ಆಗಿತ್ತು. ಈ ಸೀಮೆಯದೇ ಆದ ಪುಸ್ತಕವೂ ಇತ್ತು: ಹೊನ್ನಾವರ ತಾಲ್ಲೂಕಿನ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರದು. ಕನ್ಯಾವಿಕ್ರಯವನ್ನು ಖಂಡಿಸುವ ಈ ನಾಟಕದ ಮೊದಲ ಮುದ್ರಣ ಇಂದು ಎಲ್ಲಾದರೂ ಕೈಗೆ ಸಿಕ್ಕರೆ, ಲಂಡನ್ನಿನ ಮೇಳದಲ್ಲಿ ಸಿಗಬಹುದಾದ ಯಾವ ಚರ್ಮದ ಕಟ್ಟಿಗಿಂತಲೂ ನನಗದು ದೊಡ್ಡದು.

ಕಡದ ಲೋಕವನ್ನು ನೋಡಬೇಕಾದರೆ ಯಕ್ಷಗಾನಕ್ಕೆ ಬರಬೇಕು. ಉಡುಪಿಯ ಪಾವಂಜೆ ಗುರುರಾವ್ ಅವರಂಥ ಪ್ರಕಾಶಕರು ಅಗ್ಗದ ಬೆಲೆಗೆ ಅಚ್ಚು ಹಾಕಿದ ಪ್ರಸಂಗ ಪುಸ್ತಕಗಳು ಕರಾವಳಿಯುದ್ದಕ್ಕೂ ಹೋದವು. 1934ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಕಾಲಕ್ಕೆ ಭಾಗವತರ ಚೀಲದಲ್ಲಿ ಇರುತ್ತಿದ್ದುದು ಇಂಥ ಪುಸ್ತಕ, ಇಲ್ಲವೇ ಅದನ್ನು ಕಡ ತಂದು, ನೋಡಿ ಇಳಿಸಿಕೊಂಡ ಕೈಬರಹದ ಪ್ರತಿ. ತೆಳು ಕಾಗದ, ಪದ್ಯದ ತಲೆಯ ಮೇಲೆ ರಾಗ-ತಾಳದ ಹೆಸರು, ಕೆಳಗೆ ಒತ್ತಾಗಿ ಜೋಡಿಸಿದ ಸಾಲು. ರಂಗದಲ್ಲಿ ಬಳಸಿದ ಪ್ರತಿಯಾದರೆ ಅಂಚಿನಲ್ಲಿ ಪೆನ್ಸಿಲ್ ಗುರುತು: ಈ ಪದ್ಯ ಬಿಡುವುದು, ಇಲ್ಲಿ ರಾಗ ಬದಲು, ಇಲ್ಲಿ ವೇಷದ ಪ್ರವೇಶ. ಪೇಟೆಯ ಕಣ್ಣಿಗೆ ಇದು ಹರಿದ, ಗೀಚಿದ, ಬೆಲೆ ಕಳೆದುಕೊಂಡ ಪುಸ್ತಕ. ಯಕ್ಷಗಾನದ ಬಡಗುತಿಟ್ಟು ಶೈಲಿಯ ಚರಿತ್ರೆ ಬರೆಯುವವನಿಗೆ ಅಂಚಿನ ಆ ಬರಹವೇ ಮೂಲ ಆಕರ. ಆಟ ಹೇಗೆ ನಡೆಯುತ್ತಿತ್ತು ಎಂಬುದನ್ನು ಅಚ್ಚಾದ ಪದ್ಯ ಹೇಳುವುದಿಲ್ಲ.

ಸಂಗ್ರಹವನ್ನೇ ಬದುಕಾಗಿಸಿಕೊಂಡವರು ಗೋಕರ್ಣದ ಜಿ.ಎಂ. ವೇದೇಶ್ವರ. ಕುಮಟಾ ತಾಲ್ಲೂಕಿನ ಈ ಕ್ಷೇತ್ರದಲ್ಲಿ 1940ರ ದಶಕದಲ್ಲಿ ಅವರು ಆರಂಭಿಸಿದ ಸ್ಟಡಿ ಸರ್ಕಲ್ ಗ್ರಂಥಾಲಯ ಲಕ್ಷದ ಲೆಕ್ಕದಲ್ಲಿ ಪುಸ್ತಕ ಕೂಡಿಸಿತು. ಗೌರೀಶ ಕಾಯ್ಕಿಣಿಯವರಂಥ ಬಹುಭಾಷಾ ಓದುಗ ಬಾಳಿದ್ದೂ ಇದೇ ಊರಿನಲ್ಲಿ. ಓದುವವರು ಕೊಟ್ಟದ್ದು, ಓದಿ ಮುಗಿಸಿದವರು ಕಳಿಸಿದ್ದು ಸೇರಿ ಒಂದು ತೀರ್ಥಕ್ಷೇತ್ರದ ಬೀದಿಯಲ್ಲಿ ಇಷ್ಟು ದೊಡ್ಡ ಖಾಸಗಿ ಸಂಗ್ರಹ ಬೆಳೆದದ್ದು ದಾನದ ಹಳೆಯ ಪದ್ಧತಿ ಅಚ್ಚಿನ ಕಾಲಕ್ಕೂ ದಾಟಿ ಬಂದುದರ ಗುರುತು. ಆದರೆ ಒಬ್ಬನ ಹಟದ ಮೇಲೆ ನಿಂತ ಸಂಗ್ರಹಕ್ಕೆ ಆತನ ನಂತರದ ದಿನಗಳು ಕಠಿಣ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಗಳಿಗೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಸರೆ ದೊರೆಯಿತು. ಅಂಥ ಆಸರೆ ಎಲ್ಲರಿಗೂ ಸಿಗುವುದಿಲ್ಲ.

ಈಚಿನ ವರ್ಷಗಳಲ್ಲಿ ಯಕ್ಷವಾಹಿನಿ ಎಂಬ ಬಳಗದ ಆಸಕ್ತರು ಹಳೆಯ ಪ್ರಸಂಗಪ್ರತಿಗಳನ್ನು ಹುಡುಕಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡುತ್ತಿದ್ದಾರೆ. ಶಾಸ್ತ್ರದಾನ ಹೊಸ ಉಪಕರಣ ಹಿಡಿದು ಮತ್ತೆ ನಡೆದಿರುವುದು ಸಂತೋಷದ ಸಂಗತಿ. ಇಂಥ ಕೆಲಸ ಯಾರೇ ಮಾಡಲಿ, ನನ್ನದೊಂದು ಒತ್ತಾಯವಿದೆ: ಒಂದೇ ಪ್ರಸಂಗದ ಹತ್ತು ಪ್ರತಿ ಸಿಕ್ಕರೆ ಚೊಕ್ಕವಾದ ಒಂದನ್ನು ಆರಿಸಿ ಉಳಿದದ್ದನ್ನು ಬಿಡಬಾರದು. ಗೀಚಿದ್ದನ್ನೂ ತೆಗೆದುಕೊಳ್ಳಬೇಕು, ರಟ್ಟಿನ ಒಳಬದಿ, ಮಾಲೀಕರ ಹೆಸರು, ಅಂಚಿನ ಗುರುತುಗಳನ್ನು ಕತ್ತರಿಸದೆ ಪುಟವನ್ನು ಇಡಿಯಾಗಿ ಹಿಡಿಯಬೇಕು, ಪುಸ್ತಕ ಯಾವ ಊರಿನ ಯಾವ ಮೇಳದ ಭಾಗವತರ ಮನೆಯಿಂದ ಬಂತು ಎಂಬುದನ್ನು ಅದರ ಜೊತೆಗೇ ದಾಖಲಿಸಬೇಕು.