ಜಾವಾಸ್ಕ್ರಿಪ್ಟಿನ ‘ವಸ್ತು’ವೂ ಇತಿಹಾಸದ ಕಾಲವೂ: ಹೊಸರಿತ್ತಿಯ ನಿದರ್ಶನ

ಗಣಕಭಾಷೆಗಳಲ್ಲಿ ‘ವಸ್ತು’ ಅಥವಾ ‘ಆಬ್ಜೆಕ್ಟ್’ ಎಂಬ ಕಲ್ಪನೆಯು 1967ರಲ್ಲಿ ನಾರ್ವೆಯ ಓಲೆ ಜೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಅವರ ‘ಸಿಮ್ಯುಲಾ’ ಭಾಷೆಯಲ್ಲಿ ಸ್ಪಷ್ಟ ರೂಪವನ್ನು ತಳೆಯಿತು. ಅಲ್ಲಿ ಮೊದಲು ವರ್ಗವನ್ನು ನಿರೂಪಿಸಿ, ಅನಂತರ ಅದಕ್ಕೆ ಸೇರಿದ ವಸ್ತುಗಳನ್ನು ನಿರ್ಮಿಸಬೇಕಾಗಿತ್ತು. ವರ್ಗವಿಲ್ಲದೆ ಒಂದು ವಸ್ತುವಿಗೆ ಮತ್ತೊಂದು ವಸ್ತುವೇ ಆಧಾರವಾಗಬಹುದೆಂಬುದನ್ನು ಡೇವಿಡ್ ಉಂಗರ್ ಮತ್ತು ರಾಂಡಲ್ ಸ್ಮಿತ್ 1987ರಲ್ಲಿ ‘ಸೆಲ್ಫ್’ ಭಾಷೆಯನ್ನು ಕುರಿತ ಪ್ರಬಂಧದಲ್ಲಿ ಪ್ರತಿಪಾದಿಸಿದರು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟನ್ನು ರಚಿಸುವಾಗ ಈ ತತ್ತ್ವವನ್ನೇ ಸ್ವೀಕರಿಸಿದರು. 2015ರಲ್ಲಿ ‘ಕ್ಲಾಸ್’ ಎಂಬ ಪದವು ಈ ಭಾಷೆಗೆ ಸೇರಿತಾದರೂ ಆಂತರಿಕ ವ್ಯವಸ್ಥೆ ಹಿಂದಿನದೇ ಆಗಿ ಉಳಿಯಿತು. ಈ ವ್ಯವಸ್ಥೆಯು ಇತಿಹಾಸದ ದಾಖಲೆಗಳಿಗೆ ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದು ಪ್ರಕೃತ ಲೇಖನದ ವಿಷಯ.

ವಸ್ತುವೆಂದರೆ ಹೆಸರುಳ್ಳ ಗುಣಗಳ ಒಂದು ಸಮೂಹ. ಪ್ರತಿಯೊಂದು ಗುಣಕ್ಕೂ ಒಂದು ಬೆಲೆಯುಂಟು. ಹೊಸರಿತ್ತಿ ಗ್ರಾಮವನ್ನು ಒಂದು ವಸ್ತುವೆಂದು ಭಾವಿಸೋಣ. ಅದರಲ್ಲಿ ಗ್ರಾಮದ ಹೆಸರು ಮಾತ್ರವಿದೆ. ಜಿಲ್ಲೆಯ ಹೆಸರಾಗಲಿ ರಾಜ್ಯದ ಹೆಸರಾಗಲಿ ಇಲ್ಲ. ಆದರೂ ‘ಹೊಸರಿತ್ತಿ.ರಾಜ್ಯ’ ಎಂದು ಕೇಳಿದರೆ ಉತ್ತರ ದೊರೆಯುವಂತೆ ಮಾಡಬಹುದು. ಗ್ರಾಮಕ್ಕೆ ತಾಲ್ಲೂಕನ್ನೂ, ತಾಲ್ಲೂಕಿಗೆ ಜಿಲ್ಲೆಯನ್ನೂ, ಜಿಲ್ಲೆಗೆ ರಾಜ್ಯವನ್ನೂ ಆಧಾರವಸ್ತುವಾಗಿ ಜೋಡಿಸಿದರೆ, ತನ್ನಲ್ಲಿಲ್ಲದ ಗುಣವನ್ನು ಗ್ರಾಮವು ಈ ಸರಪಳಿಯನ್ನೇರಿ ಹುಡುಕುತ್ತದೆ. ಇಂತಹ ಆಧಾರವಸ್ತುವಿಗೆ ‘ಪ್ರೋಟೋಟೈಪ್’ ಎಂದು ಹೆಸರು.

ನಮ್ಮ ನಾಡಿನ ಆಡಳಿತದ ಇತಿಹಾಸವು ಈ ಸರಪಳಿಯ ಎರಡು ಬಗೆಯ ಬದಲಾವಣೆಗಳಿಗೆ ಉದಾಹರಣೆ ಒದಗಿಸುತ್ತದೆ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿ ಬದಲಾದುದು ಕೊಂಡಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆನಿಸಿತು. ಇಲ್ಲಿ ಕೊಂಡಿ ಹಾಗೆಯೇ ಉಳಿದು, ಒಂದು ಗುಣದ ಬೆಲೆ ಮಾತ್ರ ಬದಲಾಯಿತು. 1997ರಲ್ಲಿ ಹಾವೇರಿ ಜಿಲ್ಲೆ ರಚಿತವಾದಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೊದಲಾದ ತಾಲ್ಲೂಕುಗಳ ಕೊಂಡಿಗಳು ಹೊಸ ಜಿಲ್ಲೆಯತ್ತ ತಿರುಗಿದವು. ಈ ಮೂರು ಸಂದರ್ಭಗಳಲ್ಲಿಯೂ ಗ್ರಾಮದ ದಾಖಲೆಯನ್ನು ಮುಟ್ಟಬೇಕಾಗುವುದಿಲ್ಲ. ಇದು ಈ ಪದ್ಧತಿಯ ದೊಡ್ಡ ಅನುಕೂಲ.

ಇತಿಹಾಸಕಾರನಿಗಾದರೋ ಇದೇ ಅನುಕೂಲ ತೊಡಕಾಗಿ ಪರಿಣಮಿಸುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರು ಪೊಲೀಸರ ಗುಂಡಿಗೆ ಬಲಿಯಾಗಿ ಹುತಾತ್ಮರಾದರು. ಈ ಘಟನೆಯನ್ನು ಒಂದು ವಸ್ತುವನ್ನಾಗಿ ಮಾಡಿ, ಅದರ ‘ಸ್ಥಳ’ ಎಂಬ ಗುಣಕ್ಕೆ ಹೊಸರಿತ್ತಿಯೆಂಬ ವಸ್ತುವನ್ನೇ ಬೆಲೆಯಾಗಿ ಕೊಟ್ಟೆವೆನ್ನೋಣ. ಹಾಗೆ ಕೊಟ್ಟಾಗ ಗ್ರಾಮದ ಪ್ರತಿಯಲ್ಲ, ಅದರ ವಿಳಾಸ ಮಾತ್ರ ಘಟನೆಯಲ್ಲಿ ನೆಲೆಸುತ್ತದೆ. ಆದುದರಿಂದ ‘ಘಟನೆ.ಸ್ಥಳ.ಜಿಲ್ಲೆ’ ಎಂದು ಇಂದು ಕೇಳಿದರೆ ಹಾವೇರಿಯೆಂದೂ, ರಾಜ್ಯವನ್ನು ಕೇಳಿದರೆ ಕರ್ನಾಟಕವೆಂದೂ ಉತ್ತರ ಬರುತ್ತದೆ. ಆ ವೀರರು ಬ್ರಿಟಿಷ್ ಆಳ್ವಿಕೆಯ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಹೋರಾಡಿದರೆಂಬ ಸಂಗತಿಯೇ ಅಳಿಸಿಹೋಗುತ್ತದೆ. ಅವರನ್ನು ಕುರಿತ ಸರ್ಕಾರಿ ಕಡತಗಳನ್ನು ಅರಸುವ ವಿದ್ಯಾರ್ಥಿ ಇದರಿಂದ ದಾರಿ ತಪ್ಪುವನು.

ಪರಿಹಾರವೂ ಅದೇ ಭಾಷೆಯಲ್ಲಿದೆ. ಓದುವಾಗ ಸರಪಳಿಯನ್ನೇರುವ ಜಾವಾಸ್ಕ್ರಿಪ್ಟು, ಬರೆಯುವಾಗ ಸಾಮಾನ್ಯವಾಗಿ ಆಯಾ ವಸ್ತುವಿನಲ್ಲಿಯೇ ಬರೆಯುತ್ತದೆ. ಆದಕಾರಣ ಘಟನೆಯ ದಾಖಲೆಗೇ ‘ಜಿಲ್ಲೆ: ಧಾರವಾಡ’, ‘ಪ್ರಾಂತ: ಮುಂಬಯಿ’ ಎಂಬ ಸ್ವಂತ ಗುಣಗಳನ್ನು ಕೊಡಬೇಕು. ಬಳಿಕ, 2009ರ ಪರಿಷ್ಕರಣದಲ್ಲಿ ಸೇರಿದ ‘ಆಬ್ಜೆಕ್ಟ್.ಫ್ರೀಜ್’ ಎಂಬ ವಿಧಾನದಿಂದ ದಾಖಲೆಯನ್ನು ಸ್ಥಿರಗೊಳಿಸಬಹುದು. ಆದರೆ ಇದು ಮೇಲಿನ ಪದರವನ್ನು ಮಾತ್ರ ರಕ್ಷಿಸುತ್ತದೆ. ಒಳಗೆ ಇನ್ನೊಂದು ವಸ್ತುವಿದ್ದರೆ ಅದು ಬದಲಾಗುತ್ತಲೇ ಇರಬಹುದೆಂಬುದನ್ನು ಅಭ್ಯಾಸಿಗಳು ಮರೆಯಬಾರದು.

ಇಂದಿನ ಆಡಳಿತಕ್ಕೆ ಬೇಕಾದುದು ಇಂದಿನ ಉತ್ತರ. ಇತಿಹಾಸಕ್ಕೆ ಬೇಕಾದುದು ಅಂದಿನ ಉತ್ತರ. ಯಾವ ಗುಣವನ್ನು ಸರಪಳಿಯಿಂದ ಪಡೆಯಬೇಕು, ಯಾವುದನ್ನು ದಾಖಲೆಯಲ್ಲಿಯೇ ಬರೆದಿಡಬೇಕು ಎಂಬ ವಿವೇಚನೆಯನ್ನು ಯಂತ್ರ ಮಾಡಲಾರದು. ಗ್ರಾಮ ಗ್ರಾಮಗಳ ಇತಿಹಾಸವನ್ನು ಗಣಕಕ್ಕೆ ಅಳವಡಿಸಲು ಹೊರಟ ವಿದ್ಯಾರ್ಥಿಗಳು ಮೊದಲ ಪಾಠದಲ್ಲಿಯೇ ಇದನ್ನು ಗಮನಿಸುವುದು ಅವಶ್ಯಕ.